ಕತ್ತಿನ ಮರ್ಮ

ಆಧುನಿಕ ನೃತ್ಯದ ತರಗತಿಯಲ್ಲಿ ಬೀಳುವುದು, ಉರುಳುವುದು ಎಲ್ಲ ಅವಳಿಗೆ ಬಂತು. ಮೇಷ್ಟ್ರ ಹಾಗೆ ಕತ್ತನ್ನು ಎಡಕ್ಕೆ ವಾಲಿಸುವುದೊಂದು ಮಾತ್ರ ಏನು ಮಾಡಿದರೂ ಬರಲೊಲ್ಲದು. ಅವರು ಜಿಗಿದರೂ, ನೆಲಕ್ಕೊರಗಿದರೂ ಕತ್ತು ವಾಲಿಯೇ ಇರುತ್ತಿತ್ತು. ಲೋಕದ ಸಂಕಟವೆಲ್ಲ ಆ ಕತ್ತಿನಲ್ಲೇ ಇದೆಯೆಂದು ಅವಳಿಗೆ ಖಾತ್ರಿ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅದೇ ಅಭ್ಯಾಸ.

"ಏನೇ ಇದು? ಯಾರ ಕಣ್ಣು ಬಿತ್ತೇ ನಿನ್ಮೇಲೆ?" ಎಂದು ಅಮ್ಮ ದೃಷ್ಟಿ ತೆಗೆದಳು.

ಕೊನೆಗೂ ಕತ್ತು ಒಲಿಯಿತು. ತರಗತಿಯ ಪ್ರದರ್ಶನದ ಮುಖ್ಯ ಪಾತ್ರಕ್ಕೆ ಒಬ್ಬರನ್ನು ಆರಿಸುವ ದಿನ ಮೇಷ್ಟ್ರು ಮೊದಲು ತಾವೇ ಕುಣಿದು ತೋರಿಸಿದರು. ಅವರ ಕತ್ತು ಕಂಬದಂತೆ ನೆಟ್ಟಗಿತ್ತು! ಅವಳು ತಡೆಯಲಾರದೆ ಎಲ್ಲರೆದುರೇ ಹೇಳಿಬಿಟ್ಟಳು:

"ಸಾರ್, ಕತ್ತು ವಾಲಿಸೋದು ಮರ್ತೇಬಿಟ್ರಿ!"

"ಮರ್ತಿಲ್ಲಮ್ಮ, ನಿನ್ನೆ ಉಳುಕು ತೆಗೆಸ್ಕೊಂಡು ಬಂದೆ."