ನೆಲಕ್ಕಿಟ್ಟ ಬಟ್ಟಲು

ಮಾನ್ವಿಯ ವಿಠ್ಠಲಾಚಾರರು ಕಾಫಿಯ ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟಾಗ ಇಡೀ ಬಸ್ರಾ ಪಟ್ಟಣ ಉಸಿರು ಬಿಗಿಹಿಡಿದು ನಿಂತಿತು. ಬಂದರಿನ ಹಡಗುಗಳು ಕೂಗುವುದನ್ನೇ ಮರೆತವು. ಇದರಲ್ಲಿ ಅರ್ಧ ಸುಳ್ಳು. ಹಡಗುಗಳು ಕೂಗುತ್ತಲೇ ಇದ್ದವು. ಉಸಿರು ಹಿಡಿದದ್ದು ಹಾಜಿಯವರ ಪಡಸಾಲೆಯಲ್ಲಿ ಕೂತಿದ್ದ ಆರು ಗಂಡಸರು, ಮತ್ತೆ ಪರದೆಯ ಹಿಂದಿನ ಹೆಣ್ಣುಮಕ್ಕಳು. ಅಲ್ಲಿ ಬಳೆಯ ಸದ್ದು ಥಟ್ಟನೆ ನಿಂತಿತು.

ಅದು ದೊಡ್ಡ ಯುದ್ಧದ ಕಾಲ. ಬಂದರಿನ ಗೋದಾಮಿನಲ್ಲಿ ಕಾರಕೂನಿಕೆ ಸಿಕ್ಕಿತೆಂದು ಕಡಲು ದಾಟಿ ಬಂದ ಆಚಾರರು ಆರು ತಿಂಗಳಿಂದ ಒಂದು ತಗಡಿನ ಶೆಡ್ಡಿನಲ್ಲಿ ಹನ್ನೊಂದು ಜನರ ನಡುವೆ ಮಲಗುತ್ತಿದ್ದರು. ಇದ್ದದ್ದು ಒಂದೇ ಒಲೆ, ಅದರ ಮೇಲೆ ಮೂರು ಹೊತ್ತೂ ಮೀನು. ಖರ್ಜೂರ ತಿಂದು ತಿಂದು ಅವರು ತಮ್ಮ ಜನಿವಾರದಷ್ಟೇ ತೆಳ್ಳಗಾಗಿದ್ದರು. ‘ಮುಂದಿನ ಹಡಗಿಗೆ ಬಂದುಬಿಡುತ್ತೇನೆ’ ಎಂದು ಹೆಂಡತಿ ಜಯಾಬಾಯಿಗೆ ಬರೆದ ಕಾಗದ ಕಿಸೆಯಲ್ಲಿತ್ತು. ಅಂಚೆಗೆ ಹಾಕುವುದೊಂದೇ ಬಾಕಿ. ರಾಯಚೂರಿನಿಂದ ಹೋಗಿ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕುತುಬುದ್ದೀನ್ ಈ ಅವತಾರ ನೋಡಲಾರದೆ, ತನ್ನ ಗಿರಾಕಿ, ಆ ಊರಿನ ಅರಬ ಹಾಜಿಯವರ ಮನೆಗೆ ಅವರನ್ನು ಎಳೆದು ತಂದಿದ್ದ. ಹಾಜಿಯವರ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಆದರೆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳು. ಒಂಟಿ ಗಂಡಸರಿಗೆ ಕೊಡುವುದಿಲ್ಲವೆಂದು ಆಗಲೇ ಏಳು ಮಂದಿಯನ್ನು ಹೊಸ್ತಿಲಿಂದಲೇ ತಿರುಗಿಸಿ ಕಳಿಸಿದ್ದರು.

“ಆಚಾರ್ರೇ, ಬಟ್ಟಲ ಎತ್ರಿ! ಮದಲ ಕುಡೀರಿ!” ಕುತುಬುದ್ದೀನ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

“ಹ್ಯಾಂಗ ಕುಡೀಲಿ ಭಾಯಿ? ಇವತ್ತ ಏಕಾದಶಿ ಅದ. ಉಗುಳ ಸೈತ ನುಂಗೂ ಹಂಗಿಲ್ಲ.”

“ಯಾ ಅಲ್ಲಾ! ಇವ್ರ ಕಡೆ ಕುಡೀದ ಕೆಳಗಿಟ್ರ, ನಂದೊಂದು ಬೇಡಿಕಿ ಅದ, ನಡಿಸಿಕೊಡೂತನಕ ಮುಟ್ಟಂಗಿಲ್ಲ ಅಂದಂಗ್ರೀ. ಮನಿಯವ್ರು ಇಲ್ಲಾ ಅಂದ್ರ ಮನಿತನದ ಮರ್ಯಾದಿ ಹೋಗ್ತದ. ಹೆಣ್ಣು ಕೇಳಾಕ ಬಂದವ್ರು ಹಿಂಗ ಇಡ್ತಾರ.”

“ಅಯ್ಯ ರಾಮಾ! ಅಲ್ಲಿ ಮಾನ್ವಿಯೊಳಗ ಜಯಾ ನನ್ನ ದಾರಿ ಕಾಯ್ಕೋತ ಕೂತಾಳಲ್ರೀ!”

“ಅದು ನನಗ ಗೊತ್ತದ. ಅವ್ರಿಗೇನು ಗೊತ್ತು?”

ಹಾಜಿಯವರು ಒಮ್ಮೆ ಪರದೆಯ ಕಡೆ ನೋಡಿದರು, ಒಮ್ಮೆ ಆಚಾರರ ಎಲುಬಿನ ಹಂದರವನ್ನು ನೋಡಿದರು. ಮುಖ ಬೂದಿಯಾಗಿತ್ತು. ಗಡ್ಡ ಹಿಡಿದುಕೊಂಡು ಏನೋ ಹೇಳಿದರು.

“ಕೇಳು, ಕೊಟ್ಟೆ ಅನ್ನಾಕತ್ತಾರ್ರೀ,” ಎಂದ ಕುತುಬುದ್ದೀನ್.

“ಮ್ಯಾಲಿನ ಕ್ವಾಣಿ ಅಂತ ಹೇಳ್ರಿ. ಕ್ವಾಣಿ ಅಷ್ಟ. ಬ್ಯಾರೆ ಏನೂ ಬ್ಯಾಡ ಅನ್ನೋದನ್ನ ಎರಡು ಸಲ ಹೇಳ್ರಿ!”

ಕುತುಬುದ್ದೀನ್ ಮೂರು ಸಲ ಹೇಳಿದ. ಪರದೆಯ ಹಿಂದೆ ಬಳೆಗಳು ಮತ್ತೆ ಗಲಗಲಿಸಿದವು. ಹಾಜಿಯವರು ಕಾಲಿನ ಮುಳ್ಳು ಕಿತ್ತವರ ಹಾಗೆ ನಿಟ್ಟುಸಿರು ಬಿಟ್ಟು, ಬೀಗದ ಕೈಯನ್ನು ಆಚಾರರ ಮುಂದಿಟ್ಟರು. ಆಚಾರರ ಪಾಲಿನ ಕಾಫಿಯನ್ನು ಕುತುಬುದ್ದೀನನೇ ಕುಡಿದ.

ಹೀಗೆ ಆಚಾರರು ಬಸ್ರಾದಲ್ಲಿ ನೆಲೆ ನಿಂತರು. ಕಿಸೆಯ ಕಾಗದ ಹರಿದು, ‘ಇಲ್ಲಿ ಮನೆ ಸಿಕ್ಕಿದೆ’ ಎಂದು ಬೇರೆ ಬರೆದರು. ಉಳಿದ ದಿನಗಳಲ್ಲಿ ಹಾಜಿಯವರು ಕಾಫಿ ಕೊಟ್ಟರೆ ಕುಡಿದು, ಜಯಾಬಾಯಿಗೆ ಬರೆಯುವಾಗ ಆ ಸಂಗತಿಯೊಂದನ್ನು ಮರೆತುಬಿಡುತ್ತಿದ್ದರು. ಆದರೆ ಹದಿನೈದು ದಿನಕ್ಕೆ ಮತ್ತೆ ಏಕಾದಶಿ ಬಂತು. ಬಟ್ಟಲು ಮತ್ತೆ ನೆಲಕ್ಕೆ ಹೋಯಿತು. ಆ ಸಲ ಮಡಿ ನೀರಿಗೆಂದು ಬಾವಿಗೆ ಅವರದೇ ಬೇರೆ ಹಗ್ಗ ಬಂತು. ಮತ್ತೊಂದು ಏಕಾದಶಿಗೆ, ಮಾನ್ವಿಯಿಂದ ತಂದ ತುಳಸಿ ಬೀಜಕ್ಕೆ ಅಂಗಳದಲ್ಲಿ ನೆರಳಿನ ಜಾಗ ಬಂತು.

“ಇದು ಬೇಷ್ ಅಲ್ಲರೀ ಆಚಾರ್ರೇ,” ಎಂದ ಕುತುಬುದ್ದೀನ್.

“ನಾ ಏನ್ ಮಾಡ್ಲಿ? ಏಕಾದಶಿ ನಾ ತರಸ್ತೀನೇನು?”

ಚಂದ್ರನನ್ನು ನೋಡಿಯೇ ತಿಂಗಳು ಎಣಿಸುವ ಹಾಜಿಯವರಿಗೆ ಈ ಲೆಕ್ಕ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ನಾಲ್ಕನೆಯ ಏಕಾದಶಿಯ ದಿನ ಆ ಮನೆಯಲ್ಲಿ ಒಲೆಯನ್ನೇ ಹೊತ್ತಿಸಲಿಲ್ಲ. ಕಾಫಿಯ ವಾಸನೆ ಕೂಡ ಮಾಳಿಗೆ ಹತ್ತಲಿಲ್ಲ.

ಮರುದಿನ ದ್ವಾದಶಿ. ಬೇಸಿಗೆಯಾದ್ದರಿಂದ ಹಾಜಿಯವರ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ, ಅಡ್ಡಗೋಡೆಯ ಆಚೆ ಮಲಗುತ್ತಿದ್ದರು. ಈಚೆ ಆಚಾರರು ಕೋಳಿಗಿಂತ ಮೊದಲು ಎದ್ದು, ಹನ್ನೆರಡು ಬಿಂದಿಗೆ ತಣ್ಣೀರು ಸುರಿದುಕೊಂಡು, ಗಂಟೆ ಬಾರಿಸಿ ಪೂಜೆ ಮುಗಿಸಿದರು. ಗಂಟೆ ಸಣ್ಣದು, ಸದ್ದು ಮಾತ್ರ ಗಬ್ಬೂರಿನ ಗುಡಿಯ ದೊಡ್ಡ ಗಂಟೆಯದು. ಇಷ್ಟೆಲ್ಲ ಕೊಟ್ಟವರಿಗೆ ತಾವೂ ಏನಾದರೂ ಕೊಡಬೇಕಲ್ಲ ಎಂದು, ಸೂರ್ಯ ಹುಟ್ಟುತ್ತಲೇ ಹಾಜಿಯವರನ್ನೂ ಕುತುಬುದ್ದೀನನನ್ನೂ ಕರೆದು ಚಾಪೆಯ ಮೇಲೆ ಕೂಡಿಸಿ, ಬೆಲ್ಲದ ಪಾಯಸ ಬಡಿಸಿದರು.

ಹಾಜಿಯವರು ಬಟ್ಟಲನ್ನು ಮೂಗಿನ ತನಕ ತಂದರು. ಮುಗುಳ್ನಕ್ಕರು. ಆಮೇಲೆ ಮೆಲ್ಲಗೆ ನೆಲಕ್ಕಿಟ್ಟು, ಕೈ ಕಟ್ಟಿ ಕೂತರು.

ಆಚಾರರ ಕೈಯಲ್ಲಿನ ಸೌಟು ಗಾಳಿಯಲ್ಲೇ ನಿಂತಿತು. ಕುತುಬುದ್ದೀನ್ ಗೋಡೆಯ ಕಡೆ ಮುಖ ತಿರುಗಿಸಿದ. ನಗು ತಡೆಯಲಾರದೆ ಅವನ ಹೆಗಲು ಅಲುಗುತ್ತಿತ್ತು.

“ಕೇಳ್ರಿ ಅಂತ ಹೇಳ್ರಿ ಭಾಯಿ,” ಎಂದರು ಆಚಾರರು, ಬಾವಿಯೊಳಗಿಂದ ಮಾತಾಡಿದ ಹಾಗೆ. “ಕೊಟ್ಟೆ ಅಂತ ಹೇಳ್ರಿ.”

ಹಾಜಿಯವರ ನಿದ್ದೆಗೆಟ್ಟ ಕೆಂಪು ಕಣ್ಣು ಮೊದಲು ಕೆಳಗಿನ ಅಂಗಳದ ಬಾವಿಯ ಹಗ್ಗದ ಮೇಲೆ ಹೋಯಿತು. ಅಲ್ಲಿಂದ ತುಳಸಿಗೆ, ತುಳಸಿಯಿಂದ ಗಂಟೆಗೆ, ಗಂಟೆಯಿಂದ ಬಾಗಿಲಿಗೆ ತೂಗುಬಿಟ್ಟಿದ್ದ ಬೀಗದ ಕೈಗೆ. ಪಾಯಸದ ಮೇಲೆ ಕೆನೆ ಕಟ್ಟಿತು. ಅವರು ಬಾಯಿ ತೆರೆದರು.

ಏನು ಕೇಳಿರಬೇಕು? ನೀವೇ ಹೇಳಿ ನೋಡೋಣ.