ಇಂತಿ, ನೊಂದ ನೌಕರ

ಕಚೇರಿಯ ಕಂಪ್ಯೂಟರಿನಲ್ಲಿ ಅವಳ ಡಾಕ್ಯುಮೆಂಟ್ಸ್ ಫೋಲ್ಡರ್ ಖಾಲಿಯಾಗಿ ಮೂರು ದಿನವಾಗಿತ್ತು. ಸರಿಮಾಡಲು ಬಂದ ಟೆಕ್ನಿಷಿಯನ್ ಅವಳ ಕುರ್ಚಿಯಲ್ಲೇ ಕೂತು ಕೇಳಿದ, "ಯಾವ ಫೈಲ್ ಬೇಕಿತ್ತು ಮೇಡಂ? ಹೆಸ್ರು ಹೇಳಿ, ಹುಡುಕ್ತೀನಿ."

ಹೇಳುವುದಾದರೂ ಹೇಗೆ? ಅದು ಸಾಹೇಬರ ಮೇಲೆ ಬರೆದ ಮೂಗರ್ಜಿ. ಅಡಿಯಲ್ಲಿ 'ಇಂತಿ, ನೊಂದ ನೌಕರ' ಎಂದಷ್ಟೇ ಹಾಕಿ, ಪ್ರಿಂಟ್ ತೆಗೆಯಲು ಸಮಯ ಕಾಯುತ್ತಿದ್ದಳು.

"ಏನಿಲ್ಲ... ಹಳೇ ಸುತ್ತೋಲೆಗಳು."

"ಸಿಕ್ತು ಬಿಡಿ. ಮೊನ್ನೆ ಎಲ್ರ ಫೋಲ್ಡರೂ ಸರ್ವರ್‌ಗೆ ಹಾಕಿದ್ವಲ್ಲ, ಆಗ ನಿಮ್ದು ತಪ್ಪಿ ಸಾಹೇಬ್ರ ಫೋಲ್ಡರ್ ಒಳಗೆ ಹೋಗಿ ಕೂತಿದೆ."

ಅವಳು ದನಿ ತಗ್ಗಿಸಿದಳು. "ಅವರು ತೆಗೆದು ನೋಡಿರ್ತಾರಾ?"

"ಅವ್ರಿಗೆಲ್ಲಿ ಪುರುಸೊತ್ತು ಮೇಡಂ? ತಗೊಳ್ಳಿ, ಎಲ್ಲಾ ವಾಪಸ್ ಬಂತು."

ಗಾಜಿನ ಬಾಗಿಲಾಚೆ ಸಾಹೇಬರು ನಿಧಾನವಾಗಿ ಕನ್ನಡಕ ಒರೆಸುತ್ತಿದ್ದರು. ಟೆಕ್ನಿಷಿಯನ್ ಎದ್ದು ಹೋದದ್ದೇ ತಡ, ಅಳಿಸುವ ಮುನ್ನ ಒಮ್ಮೆ ನೋಡೋಣವೆಂದು ಅವಳು ಅರ್ಜಿ ತೆರೆದಳು. ಬರೆದದ್ದೆಲ್ಲ ಬರೆದ ಹಾಗೇ ಇತ್ತು. ಅಡಿಯಲ್ಲಿ ಮಾತ್ರ 'ನೊಂದ ನೌಕರ' ಹೋಗಿ ಅವಳ ಪೂರ್ತಿ ಹೆಸರು, ಹುದ್ದೆ ಬಂದಿದ್ದವು; ಅದರ ಮೇಲೆ ಸಹಿ ಹಾಕಲು ಅಚ್ಚುಕಟ್ಟಾಗಿ ಜಾಗ ಬಿಟ್ಟಿದ್ದರು.