ಸಿನಾನ್ ಕಟ್ಟಿದ ಗಂಟು

ಬಸ್ರಾದ ಪಂಡಿತ ನುಮೈರ್ ಮೆಲ್ಲಗೆ ಎಳೆದದ್ದಷ್ಟೇ, ಗಂಟು ಬಿಚ್ಚಿಹೋಯಿತು. ರತಮ್ ಪೊದೆಯ ಎರಡು ಕೊಂಬೆಗಳು ನಾಲ್ಕು ತಿಂಗಳ ಬಿಗಿತ ಕಳಚಿಕೊಂಡು ಒಂದು ಆ ಕಡೆಗೆ, ಒಂದು ಈ ಕಡೆಗೆ ಸಿಡಿದವು. ಡೇರೆಯ ಮುಂದೆ ತೊಗಲಿನ ಚೀಲ ಅಲುಗಾಡಿಸುತ್ತ ಬೆಣ್ಣೆ ತೆಗೆಯುತ್ತಿದ್ದ ಉಮೈಮಾ ತಲೆಯೆತ್ತಿದಳು.

"ಅಯ್ಯೋ ಪಂಡಿತ್ರೇ, ಏನ್ ಮಾಡಿದ್ರಿ!"

"ಹೇಗೆ ಕಟ್ಟಿದ್ದಾರೆ ಅಂತ ನೋಡೋಣ ಅಂದ್ಕೊಂಡೆ ತಾಯಿ..."

ನುಮೈರ್ ಮೂರು ದಿನ ಒಂಟೆಯ ಮೇಲೆ ಸೊಂಟ ಮುರಿದುಕೊಂಡು ಬಂದದ್ದು ಒಂದೇ ಒಂದು ಪದಕ್ಕಾಗಿ. ಏನನ್ನಾದರೂ ಮರೆಯಬಾರದೆಂದು ಊರಿನ ಜನ ಬೆರಳಿಗೆ ದಾರ ಸುತ್ತಿಕೊಳ್ಳುತ್ತಾರೆ, ಆ ದಾರವನ್ನು ರತೀಮ ಎನ್ನುತ್ತಾರೆ. ಆ ಹೆಸರು ಯಾಕೆ ಬಂತು ಎಂದು ಕೇಳಿದರೆ ಮಸೀದಿಯಂಗಳದ ಪಂಡಿತರೆಲ್ಲ ಗಡ್ಡ ನೀವಿಕೊಳ್ಳುತ್ತಾರೆ. ಓದು ಬರಹ ಬಾರದ ಉಮೈಮಾ ಬೆಳಿಗ್ಗೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಗಂಡ ದೂರ ಹೊರಟಾಗ ರತಮ್ ಪೊದೆಯ ಎರಡು ಕೊಂಬೆ ಸೇರಿಸಿ ಗಂಟು ಹಾಕುತ್ತಾನೆ, ಅದೇ ರತೀಮ. ತಿರುಗಿ ಬಂದಾಗ ಗಂಟು ಹಾಗೇ ಇದ್ದರೆ ಹೆಂಡತಿ ಅವನನ್ನು ಮರೆತಿಲ್ಲ. ಬಿಚ್ಚಿದ್ದರೆ ಇನ್ನಾರನ್ನೋ ನೆನೆದಿದ್ದಾಳೆ. ಬೆರಳಿನ ದಾರವೆಲ್ಲ ಆಮೇಲಿನದು. ಇದನ್ನು ಕೇಳಿ ನುಮೈರನಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ಖುಷಿಯಲ್ಲೇ ಗಂಟಿಗೆ ಕೈ ಹಾಕಿದ್ದ.

ಈಗ ಅದೇ ಕೈಯಿಂದ ಕೊಂಬೆಗಳನ್ನು ಮತ್ತೆ ಸೇರಿಸಿ ಹಿಡಿದ. ಗಂಟು ಹಾಕಿ ಹೋದ ಉಮೈಮಾಳ ಗಂಡ ಸಿನಾನ್, ಶಾಮ್ ದೇಶದಲ್ಲಿ ತುಪ್ಪ ಮಾರಿಕೊಂಡು ಇವತ್ತೇ ಬರುವವನಿದ್ದ. ನುಮೈರ್ ಮೂರು ಸಲ ಕಟ್ಟಿ ನೋಡಿದ.

ಉಮೈಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಪುಸ್ತಕದ ಕಟ್ಟಿಗೆ ಹಾಕೋ ಗಂಟು! ನನ್ನ ಗಂಡ ಒಂಟೆ ಕಟ್ಟೋನು. ಇದನ್ನ ನೋಡಿದ್ರೆ ಯಾವನೋ ಕಾಗದದ ವ್ಯಾಪಾರಿ ಬಂದು ಹೋಗಿದ್ದಾನೆ ಅಂದ್ಕೋತಾನೆ."

"ನಗಬೇಡ ತಾಯಿ. ನಿನ್ನ ಮಾನ ಹೋಗುತ್ತೆ, ನನ್ನ ತಲೆ ಹೋಗುತ್ತೆ."

"ತಪ್ಪು ಮಾಡದೋಳು ನಗದೇ ಏನ್ ಮಾಡ್ಲಿ?" ಎಂದಳು. ಆದರೆ ದಿಬ್ಬದ ಮೇಲೆ ಒಂಟೆಗಳು ಕಾಣಿಸಿಕೊಂಡಾಗ ಅವಳ ನಗುವೂ ನಿಂತಿತು.

ಸಿನಾನ್ ಇಳಿದವನೇ ಹೆಂಡತಿಯನ್ನು ಕಣ್ತುಂಬ ನೋಡಿದ. "ಸಣ್ಣಗಾಗಿದ್ದೀಯಲ್ಲೇ" ಎಂದ. ಅಷ್ಟರಲ್ಲಿ ನುಮೈರ್ ಓಡಿಬಂದು ನಡುವೆ ನಿಂತ.

"ಅಣ್ಣಾ, ಬಿಚ್ಚಿದ್ದು ನಾನು! ಈ ತಾಯಿ ಅಪ್ಪಟ ಚಿನ್ನ. ನನಗೆ ಬೇಕಿದ್ದದ್ದು ಪದ ಮಾತ್ರ!"

"ಏನ್ ಬಿಚ್ಚಿದ್ದು?"

"ಹೊರಡೋವಾಗ ನೀವು ಹಾಕಿದ ಗಂಟು."

"ನಾನು ಗಂಟು ಹಾಕಿದ್ನಾ?" ಸಿನಾನ್ ತಲೆ ಕೆರೆದುಕೊಂಡ. "ಯಾವ ಪೊದೆಗೆ?"

ಬದುಕಿದೆಯಾ ಬಡಜೀವವೇ ಎಂದು ನುಮೈರ್ ಉಸಿರು ಬಿಟ್ಟ. ಉಮೈಮಾ ಮಾತ್ರ ಕೆಂಡವಾದಳು.

"ನಾಲ್ಕು ತಿಂಗಳು! ದಿನಾ ಇದಕ್ಕೆ ಬಾಯಿ ಹಾಕೋಕೆ ಬರೋ ಮೇಕೆಗಳಿಗೆ ಕಲ್ಲು ಹೊಡೆದು ಹೊಡೆದು ತೋಳು ಬಿದ್ದುಹೋಯ್ತು. ಬಿರುಗಾಳಿ ಎದ್ದಾಗ ಈ ಪೊದೆ ತಬ್ಕೊಂಡು ನಿಂತಿದ್ದೆ. ಕಟ್ಟಿದೋನಿಗೆ ನೆನಪೇ ಇಲ್ಲ!"

"ನಿನ್ನ ನೆನಪಿತ್ತಲ್ಲೇ. ಪೊದೇನ ನೆನೆಸ್ಕೊಂಡು ಏನ್ ಮಾಡ್ಲಿ?"

ಉಮೈಮಾಳಿಗೆ ನಗು ಬಂತು, ತಡೆದುಕೊಂಡಳು. ಇಬ್ಬರು ಗಂಡಸರನ್ನೂ ಪಕ್ಕಕ್ಕೆ ಸರಿಸಿ, ಎರಡು ಕೊಂಬೆ ಎಳೆದು, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಗಂಟು ಬಿಗಿದಳು.

"ನಾಳೆ ಬೆಳಿಗ್ಗೆ ನಾನು ತವರಿಗೆ ಹೊರಟೆ. ಮೇಕೆ ಓಡಿಸೋದು ನಿನ್ನ ಸರದಿ. ಬಂದು ನೋಡ್ತೀನಿ."

"ಎಷ್ಟು ದಿನಕ್ಕೆ ಬರ್ತೀ?"

"ನೀನು ನೆನಪಾದಾಗ."

ಸಿನಾನ್ ಬಿದ್ದು ಬಿದ್ದು ನಕ್ಕ. ನುಮೈರ್ ಲೇಖನಿ ಹಿಡಿದು ಹತ್ತಿರ ಸರಿದ.

"ತಾಯಿ, ಒಂದೇ ಒಂದು ಅನುಮಾನ. ಹೆಂಗಸು ಕಟ್ಟಿದ್ದಕ್ಕೂ ರತೀಮ ಅಂತಾನೇ ಅಂತಾರಾ?"

"ಇಲ್ಲೀತನಕ ಅಂತಿರ್ಲಿಲ್ಲ" ಎಂದಳು ಉಮೈಮಾ. "ಇವತ್ತಿಂದ ಅಂತಾರೆ. ಬರ್ಕೊಳ್ಳಿ."